ತೊಟ್ಟಿಲಿಗೆ ಕಟ್ಟಿದ ಸೀಟಿ

ಧುಪದಾಳದ ಹತ್ತಿರದ ಕಲ್ಲಿನ ಗಣಿಯಲ್ಲಿ ಒಂದು ಸಣ್ಣ ಉಗಿ ಎಂಜಿನ್ನು ಬೇವಿನ ಗಿಡದ ಕೆಳಗೆ ತುಕ್ಕು ಹಿಡಿದು ನಿಂತಿತ್ತು. ಒಂದು ಕಾಲಕ್ಕೆ ಅದರ ಒಲೆಗೆ ಕಲ್ಲಿದ್ದಲು ಹಾಕುತ್ತಿದ್ದವನು ನಾನೇ. ಅದನ್ನು ಗುಜರಿಗೆ ಹೋಗಗೊಡದೆ ತಮ್ಮ ಸಾಲೆಯ ಅಂಗಳಕ್ಕೆ ತರಬೇಕೆಂದು ನನ್ನ ಮೊಮ್ಮಗಳೂ ಅವಳ ಗೆಳತಿಯರೂ ಹಟ ಹಿಡಿದು ಮಾಲೀಕರನ್ನು ಒಪ್ಪಿಸಿದ್ದರು. ಗೋಕಾಕದಲ್ಲಿ ನಮ್ಮ ಮನೆಯಲ್ಲೇ ಇದ್ದು ಓದುತ್ತಿದ್ದ ಹುಡುಗಿ. ನಾನು ಮೂರನೇ ಇಯತ್ತೆಯಷ್ಟೇ ಕಲಿತವನು. ಅವಳು ಚಿಮಣಿ ಎಣ್ಣೆ ಹಚ್ಚಿ ಆ ಗಾಲಿ ಉಜ್ಜುವುದನ್ನು ನೋಡಿದರೆ ನನಗೆ ಊಟ ಬೇಡವಾಗುತ್ತಿತ್ತು, ಅಷ್ಟು ಹಿಗ್ಗು.

ಒಂದು ರವಿವಾರ ಅವಳು ಎಂಜಿನ್ನಿನ ಮೇಲೆ ಹತ್ತಿ ನಿಂತು ಕೇಳಿದಳು.

“ಮುತ್ಯಾ, ಇದರ ಸೀಟಿ ಎಲ್ಲೈತಿ?”

“ಯಾರರ ಒಯ್ದಿರಬೇಕವಾ.”

“ಮತ್ಯಾರು? ಕಾವಲುಗಾರ ಕಾಕಾನೇ ಮಾರಿರಬೇಕು. ಕುಂತಲ್ಲೇ ನಿದ್ದಿ ಮಾಡ್ತಾನ,” ಎಂದಳು ಒಬ್ಬ ಗೆಳತಿ. ಎಲ್ಲರೂ ನಕ್ಕರು.

ಗಣಿಯ ಕಾವಲುಗಾರ ಅಲ್ಲೇ ಬಾಜೂಕೆ ಕೂತಿದ್ದ. ನನ್ನ ಕಡೆ ಒಮ್ಮೆ ನೋಡಿದ. ಸೀಟಿ ಬಿಚ್ಚಲು ಅಂದು ನನಗೆ ನಟ್ಟು ತಿರುಗಿಸುವ ಪಾನಾ ಕೊಟ್ಟವನೇ ಅವನು.

ಅಂದು ಅಂದರೆ, ಈ ಮೊಮ್ಮಗಳು ಹುಟ್ಟಿದ ವರ್ಷ. ಮಗಳ ಚೊಚ್ಚಿಲ ಕೂಸಿಗೆ ತವರಿನವರು ತೊಟ್ಟಿಲು ಕೊಡಬೇಕು. ಎಂಜಿನ್ನು ಆಗಷ್ಟೇ ಕೆಲಸ ನಿಲ್ಲಿಸಿತ್ತು. ಅದರ ದನಿ ಕೂಸಿನ ಕಿವಿಗೆ ಬೀಳಲೆಂದು ಹಿತ್ತಾಳೆಯ ಸೀಟಿಯನ್ನು ಕಂಚಗಾರನಿಂದ ಕರಗಿಸಿ, ಗಂಟೆ ಮಾಡಿಸಿ ತೊಟ್ಟಿಲಿಗೆ ಕಟ್ಟಿದೆ. ಹುಕ್ಕೇರಿಯ ಬೀಗರ ಮುಂದೆ ಬಾರಿಸಿ ಬಾರಿಸಿ ತೋರಿಸಿದೆ. ಕೂಸು ಬೆಳೆದ ಮೇಲೆ ಆ ಗಂಟೆ ನಮ್ಮ ಮನೆಗೇ ಮರಳಿ ಬಂದು, ಆಕಳ ಕೊರಳಿಗೆ ಹೋಯಿತು.

ಮುಂದಿನ ರವಿವಾರ ಗಂಟೆಯನ್ನು ಬಿಚ್ಚಿಕೊಂಡು ಹೋಗಿ, ಕಾವಲುಗಾರನ ಎದುರಿಗೇ ಅವಳ ಕೈಗಿಟ್ಟು ಎಲ್ಲ ಹೇಳಿದೆ.

“ನನ್ನ ಸಲುವಾಗಿ ಇದನ್ನ ಮೂಕ ಮಾಡಿದ್ಯಾ ಮುತ್ಯಾ?” ಎಂದಳು. ಆಮೇಲೆ ಕಾವಲುಗಾರನ ಕಡೆ ತಿರುಗಿ, “ತಪ್ಪಾತ್ರಿ ಕಾಕಾ,” ಎಂದಳು.

“ನಾ ಬ್ಯಾಡಂದಿದ್ನಿ. ನಿಮ್ಮ ಮುತ್ಯಾ ಅವತ್ತ ಕುಣ್ಯಾಕತ್ತಿದ್ದ, ಎಲ್ಲಿ ಕೇಳ್ತಾನ?”

ಗಂಟೆಯನ್ನೇ ಸೀಟಿಯ ಜಾಗದಲ್ಲಿ ಕಟ್ಟೋಣವೆಂದೆ. ಅವಳು ಒಪ್ಪಲಿಲ್ಲ. “ಎಂಜಿನ್ನಿಗೆ ಇಲ್ಲದ್ದು ಹಚ್ಚೂದು ಬ್ಯಾಡ. ಆಕಳಿಗೇ ಇರ್ಲಿ,” ಎಂದು, ಆ ತೂತಿಗೆ ಮಳೆನೀರು ಇಳಿಯದಂತೆ ಕಟ್ಟಿಗೆಯ ಬಿರಡೆ ಬಡಿದಳು.

ಎಂಜಿನ್ನು ಈಗ ಸಾಲೆಯ ಅಂಗಳದಲ್ಲಿದೆ. ಸಂಜೆ ಆಕಳು ಗಂಟೆ ಬಾರಿಸುತ್ತ ಮನೆಗೆ ಬಂದರೆ ನಾನು ನಾಚಿ ಕೆಳಗೆ ನೋಡುತ್ತೇನೆ. ಅದನ್ನು ಕಾಣದವಳಂತೆ ಅವಳು ಪುಸ್ತಕದಿಂದ ತಲೆ ಎತ್ತುವುದಿಲ್ಲ.