ಭೂಗೋಳದ ಮೇಷ್ಟ್ರು ನೋಡದ ಕೆರೆ

ಆಗ ಎಂಬತ್ತರ ದಶಕ. ರಾಜಾಜಿನಗರದ ಶಾಲೆಯೊಂದರಲ್ಲಿ ನಾನು ಭೂಗೋಳದ ಮೇಷ್ಟ್ರು. ದೂರದ ಉತ್ತರ ದೇಶಗಳ ಕೆರೆಗಳು ಚಳಿಗೆ ಹೆಪ್ಪುಗಟ್ಟಿದಾಗ ಅಲ್ಲಿನ ಹಕ್ಕಿಗಳು ಎಲ್ಲಿಗೆ ಬರುತ್ತವೆ ಎಂದು ಟೆಸ್ಟಿನಲ್ಲಿ ಕೇಳಿದ್ದೆ. ಪುಸ್ತಕದ ಉತ್ತರ ರಾಜಸ್ಥಾನದ ಭರತಪುರ. ಕೆಂಗೇರಿಯ ಹುಡುಗಿಯೊಬ್ಬಳು ‘ನಮ್ಮೂರ ಕೆರೆಗೆ’ ಎಂದು ಬರೆದಿದ್ದಳು. “ಸಿಟಿ ಬಸ್ಸಲ್ಲಿ ಬರ್ತಾವೇನಮ್ಮಾ?” ಎಂದು ಕ್ಲಾಸನ್ನೆಲ್ಲ ನಗಿಸಿ, ಸೊನ್ನೆ ಹಾಕಿದೆ.

ಡಿಸೆಂಬರಿನಲ್ಲಿ ಸೈಟು ನೋಡಲು ಕೆಂಗೇರಿಗೆ ಹೋದರೆ, ಆ ಕೆರೆಯ ತುಂಬ ಬಾತುಗಳು. “ಚಳಿ ಬಿದ್ಮೇಲೆ ಬರ್ತವೆ ಸಾರ್, ಬೇಸಿಗೇಲಿ ಒಂದೂ ಇರಲ್ಲ,” ಎಂದ ದಡದಲ್ಲಿ ಬಟ್ಟೆ ಒಗೆಯುತ್ತಿದ್ದವನು.

ಕ್ಲಾಸಿನಲ್ಲಿ ತಪ್ಪು ಒಪ್ಪಿಕೊಳ್ಳಲು ನನಗೆ ಬಾಯೇ ಬರಲಿಲ್ಲ. ಹೇಡಿಯ ಹಾಗೆ, ಅಂಕ ಕೊಟ್ಟು ಸರಿಮಾಡೋಣವೆಂದು ವಾರ್ಷಿಕ ಪರೀಕ್ಷೆಗೆ ಅದೇ ಪ್ರಶ್ನೆ ಹಾಕಿದೆ.

ಅವಳು ದುಂಡಗೆ ‘ಭರತಪುರ’ ಎಂದು ಬರೆದಿದ್ದಳು. ಪೂರ್ತಿ ಅಂಕ ಕೊಡಲೇಬೇಕಾಯಿತು.