ನೇರಳೆ ಹೂವಿನ ಹಳದಿ ಕಲೆ

ಅತ್ತೆಯ ಬೆರಳುಗಳು ಹಳದಿಯಾಗಿರುವುದನ್ನು ಕಂಡು ಟೈಲರಮ್ಮನ ಎದೆ ಧಸಕ್ಕೆಂದಿತು. ಕಾಮಾಲೆಯೇ ಇರಬೇಕು. ಸೊಂಟದ ಮೂಳೆ ಮುರಿದುಕೊಂಡಾಗಿನಿಂದ ಹಾಸಿಗೆ ಬಿಟ್ಟೇಳದ ಜೀವಕ್ಕೆ ಇದೊಂದು ಬಾಕಿ ಇತ್ತು.

ಯೂನಿಫಾರ್ಮ್ ಹೊಲಿಯುವ ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸುತ್ತಿದ್ದವಳು ಟೈಲರಮ್ಮ. ಕೈಯಲ್ಲೊಂದು ಕತ್ತರಿ, ಬಾಯಲ್ಲೊಂದು ಎಂದು ಜೊತೆಯವರು ಆಡಿಕೊಳ್ಳುತ್ತಿದ್ದರು. ಅತ್ತೆ ಬಿದ್ದ ಮೇಲೆ, ಪ್ರಾಣದಂತಿದ್ದ ಆ ಕೆಲಸ ಬಿಟ್ಟಳು. ಲಾರಿ ಓಡಿಸುವ ಗಂಡ ಮನೆಗೆ ನೆಂಟನ ಹಾಗೆ ಬಂದು ಹೋಗುತ್ತಾನೆ. ಅತ್ತೆಯನ್ನು ಎತ್ತಿ, ಕೂರಿಸಿ, ಮಗ್ಗುಲು ಬದಲಿಸಿ ಇವಳ ಸೊಂಟವೇ ಸವೆದಿತ್ತು. ಮೂಳೆ ಕೂಡಿದೆ ಎಂದು ಡಾಕ್ಟರು ಹೇಳಿದಾಗ ಅತ್ತೆ, "ಅವರಿಗೇನು ಗೊತ್ತು, ನೋವು ನಂದು" ಅಂದಿದ್ದರು. ಇವಳು ನಂಬಿದ್ದಳು.

ಒದ್ದೆ ಬಟ್ಟೆಯಿಂದ ಬೆರಳು ಒರೆಸಿದಳು. ಬಟ್ಟೆಗೂ ಹಳದಿ ಹತ್ತಿತು. ಕಾಮಾಲೆ ಎಲ್ಲಾದರೂ ಬಟ್ಟೆಗೆ ಹತ್ತುತ್ತದೆಯೇ? ಮೂಸಿದಳು. ಘಾಟು ವಾಸನೆ, ಮೂಗಿಗೆ ಪರಿಚಯದ್ದೇ.

ಹಿತ್ತಲಾಚೆ ಮರಳು ಶುರುವಾಗುವಲ್ಲಿ ಒಂದು ಪೊದೆಯಿದೆ. ಮರಳುಗಾಡಿನ ಗಿಡ, ಅವರೆಗೆ ದೂರದ ನೆಂಟ, ಆದರೆ ಬೇಯಿಸಿ ತಿನ್ನಲು ಏನೂ ಕೊಡದು. ಬೂದು ಕಡ್ಡಿಗಳ ತುಂಬ ಪುಟ್ಟ ನೇರಳೆ ಹೂ. ಹೂ ನೇರಳೆಯಾದರೂ ಹಿಸುಕಿದರೆ ಕೈಗೆ ಹತ್ತುವುದು ಹಳದಿ, ಜೊತೆಗೆ ಇದೇ ಘಾಟು.

ಓಡಿಹೋಗಿ ನೋಡಿದಳು. ಪೊದೆಯ ನೆರಳಲ್ಲಿ ದಿಂಬೊಂದು ಬಿದ್ದಿತ್ತು. ಅತ್ತೆಯ ಬೆನ್ನಿಗೆಂದು ಅವಳೇ ಹೊಲಿದದ್ದು, ಕಳೆದುಹೋಯಿತೆಂದು ಮನೆಯೆಲ್ಲ ಜಾಲಾಡಿದ್ದು. ಯಾರೋ ಕೂತೂ ಕೂತೂ ಅದರ ನಡು ತಗ್ಗಾಗಿತ್ತು. ಸುತ್ತ ಹಿಸುಕಿದ ಹೂ. ಟೈಲರಮ್ಮ ದಿಂಬನ್ನು ಎತ್ತಿಕೊಂಡಳು.

ಒಳಗೆ ಬಂದು ದಿಂಬನ್ನು ಅತ್ತೆಯ ಮಡಿಲಿಗೆ ಹಾಕಿದಳು. "ಯಾವಾಗಿಂದ ನಡೀತಿದ್ದೀರಿ?"

ಅತ್ತೆ ಬೆರಳು ಮುಚ್ಚಿಕೊಂಡರು. "ಹೋದ ಸಲ ಹೂ ಬಿಟ್ಟಾಗಿಂದ. ನೀನು ಅಂಗಡಿಗೆ ಹೋದಾಗ ಹೋಗ್ತೀನಿ. ಆ ವಾಸನೆಗೆ ತಲೆ ಹಗುರ ಆಗತ್ತೆ."

"ಒಂದು ವರ್ಷ ಅತ್ತೆ! ಒಂದು ಮಾತು ಹೇಳಬಾರದಿತ್ತಾ?"

"ಹೇಳಿದ್ರೆ ನೀನು ಕೆಲಸಕ್ಕೆ ಹೋಗ್ತಿದ್ದೆ ಕಣೇ. ಆಗ ಇಡೀ ದಿನ ಗೋಡೆ ಜೊತೆ ಮಾತಾಡ್ತಾ ಕೂತಿರ್ತಿದ್ದೆ."

ಟೈಲರಮ್ಮ ಕೋಪಕ್ಕೆ ದಿಂಬನ್ನು ಮೂಲೆಗೆಸೆದು, ಮಂಚದ ಪಕ್ಕ ನೆಲಕ್ಕೆ ಕುಸಿದು ಕೂತಳು.

"ತಾಳು, ನೀರು ತರ್ತೀನಿ," ಎಂದು ಅತ್ತೆ ಎದ್ದು, ಯಾವ ಆಸರೆಯೂ ಇಲ್ಲದೆ ನೆಟ್ಟಗೆ ಅಡುಗೆಮನೆಗೆ ನಡೆದರು. ಹಿಂದೆಯೇ ಏಳಹೋದ ಟೈಲರಮ್ಮನ ಸೊಂಟ ಹಿಡಿದುಕೊಂಡಿತು. ಮಂಚದ ಕಾಲು ಹಿಡಿದರೂ ಏಳಲಾಗಲಿಲ್ಲ.