ಹೊರಗಿನ ಮಕ್ಕಳ ಹೆಡ್‌ಮಾಸ್ತರರು

ನನಗೆ ವಿಜಯವಾಡದ ಆಟೋನಗರ್ ಶಾಖೆಗೆ ವರ್ಗವಾದಾಗ, ಬ್ಯಾಂಕಿನ ಹಿಂದಿನ ಬೀದಿಯ ಪುಟ್ಟ ಸರ್ಕಾರಿ ಪ್ರಾಥಮಿಕ ಶಾಲೆಗೆ ಅವರು ಹೆಡ್‌ಮಾಸ್ತರರು. ಲಾರಿ ರಿಪೇರಿ ಶೆಡ್ಡುಗಳಲ್ಲಿ ದುಡಿಯಲು ಬಂದ ಒಡಿಯಾ, ಬಿಹಾರಿ ಕುಟುಂಬಗಳ ಮಕ್ಕಳೇ ಅಲ್ಲಿ ಹೆಚ್ಚು. ಶಾಲೆ ಓದಿನಲ್ಲಿ ಯಾಕೆ ಹಿಂದೆ ಎಂದು ಯಾರು ಕೇಳಿದರೂ ಅವರು ಕನ್ನಡಕ ತೆಗೆದು ಒರೆಸುತ್ತಾ ಒಂದೇ ಉತ್ತರ ಕೊಡುತ್ತಿದ್ದರು: "ಎಲ್ಲಾ ಹೊರಗಿನ ಮಕ್ಕಳು ಸಾರ್. ರಿಸಲ್ಟ್ ಎಲ್ಲಿಂದ ಬರ್ತೈತೆ, ಹೇಳ್ರಿ?"

ಹೀಗನ್ನುವ ಮಹಾಶಯರು ಸ್ವತಃ ಬಳ್ಳಾರಿಯಿಂದ ಬಂದವರು. ರಿಸಲ್ಟ್ ಬರದಿದ್ದರೂ ಅವರಿಗೆ ಸಂಬಳ ಮಾತ್ರ ಬರುತ್ತಿತ್ತು.

ಮಕ್ಕಳ ಹೆಸರು ಕಲಿಯುವ ಗೋಜಿಗೇ ಅವರು ಹೋಗಿರಲಿಲ್ಲ. "ಏಯ್ ಬಿಹಾರ್, ಕಿಟಕಿ ಮುಚ್ಚು", "ಒಡಿಶಾ, ನೀರು ತಾ" ಎಂದು ಬೀದಿಗೆಲ್ಲ ಕೇಳುವಂತೆ ತೆಲುಗಿನಲ್ಲಿ ಕೂಗುತ್ತಿದ್ದರು.

ಒಂದು ಆಗಸ್ಟ್ ಹದಿನೈದರಂದು, ನಾಲ್ಕನೇ ತರಗತಿಯಲ್ಲಿ ಮೊದಲ ಸ್ಥಾನ ಪಡೆದ ಮಗುವಿಗೆ ಬ್ಯಾಂಕಿನ ಪರವಾಗಿ ಸ್ಕೂಲ್ ಬ್ಯಾಗ್ ಕೊಡಲು ಹೋಗಿದ್ದೆ. ಅವರು ಮೈಕ್ ಹಿಡಿದು ಗತ್ತಿನಿಂದ, "ಫಸ್ಟ್ ರ್‍ಯಾಂಕ್, ಒಡಿಶಾ!" ಎಂದರು.

ಐದು ಮಕ್ಕಳು ಎದ್ದು ನಿಂತರು.

ಅವರು ಐದೂ ಮುಖಗಳನ್ನು ದಿಟ್ಟಿಸಿದರು. ಕನ್ನಡಕ ಒರೆಸಿಕೊಂಡು ಮತ್ತೆ ದಿಟ್ಟಿಸಿದರು. ಆಮೇಲೆ ನನ್ನ ಕಿವಿಯ ಹತ್ತಿರ ಬಗ್ಗಿ, "ಯಾರಿಗಾದ್ರೂ ಕೊಟ್ಟುಬಿಡ್ರಿ ಸಾರ್" ಎಂದರು.

ಅಷ್ಟರಲ್ಲಿ ಎರಡು ಜಡೆಯ ಹುಡುಗಿಯೊಬ್ಬಳು ತಾನೇ ಮುಂದೆ ಬಂದು, ಅಚ್ಚ ತೆಲುಗಿನಲ್ಲಿ, "ನಾ ಪೇರು ಸುಭದ್ರ ಅಂಡಿ. ಫಸ್ಟ್ ನೇನೇ" ಎಂದಳು; ಹೆಸರು ಸುಭದ್ರ, ಫಸ್ಟ್ ಬಂದವಳು ತಾನೇ ಎಂದು. ಬ್ಯಾಗನ್ನು ಅವಳ ಕೈಗಿತ್ತೆ.

ಹೆಡ್‌ಮಾಸ್ತರರ ಮುಖ ಅರಳಿತು. ಅವಳ ತಲೆ ಸವರಿ, ಮೈಕಿನಲ್ಲೇ ಹೇಳಿದರು: "ಶಭಾಷ್ ಒಡಿಶಾ! ಸಾರ್‌ಗೆ ಥ್ಯಾಂಕ್ಸ್ ಹೇಳು."